ಹಕ್ಕಿಯ ಕಣ್ಣಿನ ಬೆಳಕು

ಹಕ್ಕಿಯ ಚಿತ್ರದಲ್ಲಿ ನಾವು ಮೊದಲು ಹುಡುಕುವುದು ಕಣ್ಣನ್ನು. ಅಲ್ಲೊಂದು ಬಿಳಿ ಚುಕ್ಕೆ ಮಿನುಗಿದರೆ ಹಕ್ಕಿಗೆ ಜೀವ ಬರುತ್ತದೆ. ಇಲ್ಲದಿದ್ದರೆ ಗರಿಗಳೆಷ್ಟು ಸ್ಪಷ್ಟವಾಗಿದ್ದರೂ ಹುಲ್ಲು ತುಂಬಿದ ಗೊಂಬೆಯನ್ನು ನೋಡಿದಂತಾಗುತ್ತದೆ. ಛಾಯಾಗ್ರಾಹಕರು ಕ್ಯಾಚ್‌ಲೈಟ್ ಎನ್ನುವ ಈ ಚುಕ್ಕೆಯನ್ನು ಫೋಟೋಶಾಪ್‌ನಲ್ಲಿ ಇಟ್ಟುಬಿಡುವುದು ಇಂದು ಅರೆಗಳಿಗೆಯ ಕೆಲಸ. ಹಾಗೆ ಇಡಬಹುದೇ? ಇಡಬಾರದು ಎಂಬುದು ನನ್ನ ನಿಲುವು.

ಆ ಚುಕ್ಕೆ ಹುಟ್ಟುವ ಬಗೆಯಲ್ಲೇ ಇದಕ್ಕೆ ಕಾರಣವಿದೆ. ಕಣ್ಣಿನ ಹೊರಪಟಲ ಉಬ್ಬಾಗಿದ್ದು, ಎದುರಿನ ಬೆಳಕನ್ನು ಪುಟ್ಟದಾಗಿ ಪ್ರತಿಫಲಿಸುತ್ತದೆ. ಸೂರ್ಯ ಎತ್ತರದಲ್ಲಿದ್ದರೆ ಚುಕ್ಕೆ ಕಣ್ಣಿನ ಮೇಲ್ಭಾಗಕ್ಕೆ ಸರಿಯುತ್ತದೆ. ಮೋಡ ಕವಿದ ದಿನ ಚುಕ್ಕೆಯ ಜಾಗದಲ್ಲಿ ಆಕಾಶವೇ ಮಸುಕಾಗಿ ಹರಡಿರುತ್ತದೆ. ಚಿತ್ರ ತೆಗೆದ ಹೊತ್ತು, ಬೆಳಕು ಬಂದ ದಿಕ್ಕು ಅದರಲ್ಲಿ ದಾಖಲಾಗಿರುತ್ತವೆ.

ಕಲಬುರಗಿ ಜಿಲ್ಲೆಯ ಇಜೇರಿಯಂಥ ಎರೆಭೂಮಿಯ ಊರಲ್ಲಿ, ಎಕ್ಕದ ಹೂವಿಗೆ ಬಂದ ಸೂರಕ್ಕಿಯನ್ನು ಸೆರೆಹಿಡಿಯಲು ಹೊರಟವರಿಗೆ ಚುಕ್ಕೆ ಇಡಬಹುದೇ ಎಂಬ ಈ ಪ್ರಶ್ನೆ ಎದುರಾಗುತ್ತದೆ. ಮರಿ ಮಾಡುವ ಕಾಲದಲ್ಲಿ ನೇರಳೆ ಸೂರಕ್ಕಿಯ ಗಂಡು ದೂರಕ್ಕೆ ಪೂರಾ ಕಪ್ಪು, ಕಣ್ಣೂ ಕಡುಗಂದು. ನಡುಹಗಲಿನ ಬಿಸಿಲಲ್ಲಿ ಕಣ್ಣು ತಲೆಯೊಳಗೆ ಮುಳುಗಿಹೋಗುತ್ತದೆ. ಮುಂಜಾನೆಯ ಓರೆಬಿಸಿಲು ನಮ್ಮ ಬೆನ್ನಿಗಿದ್ದು ಹಕ್ಕಿ ಇತ್ತ ತಿರುಗಿದರೆ ಕಣ್ಣೂ ಹೊಳೆಯುತ್ತದೆ, ಗರಿಯ ನೀಲಿ-ನೇರಳೆಯೂ ಏಳುತ್ತದೆ. ಆ ಬಣ್ಣ ಗರಿಯ ಸೂಕ್ಷ್ಮ ರಚನೆಯಿಂದ ಬರುವಂಥದ್ದು, ಬೆಳಕು ಬೀಳುವ ಕೋನ ಬದಲಾದರೆ ಅಡಗುತ್ತದೆ. ನಡುಹಗಲಿನ ಚಿತ್ರಕ್ಕೆ ಚುಕ್ಕೆ ಅಂಟಿಸಿದರೆ ಕಣ್ಣು ಒಂದು ಹೇಳುತ್ತದೆ, ಗರಿ ಇನ್ನೊಂದು ಹೇಳುತ್ತದೆ.

ಸ್ಟುಡಿಯೋಗಳಲ್ಲಿ ಹಿಂದಿನಿಂದಲೂ ಮನುಷ್ಯರ ಫೋಟೋಗೆ ಕುಂಚದಿಂದ ಟಚಿಂಗ್ ಮಾಡುತ್ತಿದ್ದರಲ್ಲ ಎಂದು ಕೇಳಬಹುದು. ನಿಜ. ಆದರೆ ಅಲ್ಲಿ ಕುಳಿತವರು ಚೆಂದ ಕಾಣಬೇಕೆಂದೇ ಬಂದವರು. ಅವರ ನಿಜಮುಖ ಮನೆಯವರಿಗೆ ಗೊತ್ತು. ಹಕ್ಕಿಯ ಚಿತ್ರವನ್ನು ನೋಡುವವರಲ್ಲಿ ಅನೇಕರು ಆ ಹಕ್ಕಿಯನ್ನು ಎಂದೂ ಕಂಡಿರುವುದಿಲ್ಲ. ಚಿತ್ರ ಹೇಳಿದ್ದೇ ಅವರಿಗೆ ಸತ್ಯ.

ಕಣ್ಣಿನ ವಿಷಯದಲ್ಲಂತೂ ಸುಳ್ಳಿನ ಬೆಲೆ ದೊಡ್ಡದು. ಕಪ್ಪು ಕೊರಳಿನ ಕೊಕ್ಕರೆಯಲ್ಲಿ ಹೆಣ್ಣಿನ ಕಣ್ಣು ಹಳದಿ, ಗಂಡಿನದು ಕಡುಗಂದು. ಬಯಲುಸೀಮೆಯ ಶಿಕ್ರಾ ಗಿಡುಗದ ಮರಿಗೆ ಹಳದಿ ಕಣ್ಣು, ಬೆಳೆದ ಗಂಡಿಗೆ ಕೆಂಪು. ಕಣ್ಣನ್ನು ಬೆಳಗಿಸುವ ಭರದಲ್ಲಿ ಬಣ್ಣ ಸರಿದರೆ ಹಕ್ಕಿಯ ವಯಸ್ಸೋ ಲಿಂಗವೋ ಬದಲಾಗಿಬಿಡುತ್ತದೆ.

ಸೇರಿಸುವುದಷ್ಟೇ ತಪ್ಪು ಎಂದುಕೊಂಡರೆ ವಾದ ಅರ್ಧಕ್ಕೇ ನಿಲ್ಲುತ್ತದೆ; ಅಳಿಸುವುದೂ ತಪ್ಪೇ. ಸೆಕೆಂಡಿಗೆ 50ಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯಬಲ್ಲ, ಅಮೆರಿಕ ಖಂಡಗಳ ಸಣ್ಣ ಹಮ್ಮಿಂಗ್‌ಬರ್ಡ್‌ಗಳನ್ನು ನಿಶ್ಚಲವಾಗಿ ಹಿಡಿಯಲು ಸಕ್ಕರೆನೀರಿನ ಬಟ್ಟಲಿನ ಸುತ್ತ ಹಲವು ಫ್ಲಾಶ್‌ಗಳನ್ನು ನಿಲ್ಲಿಸುತ್ತಾರೆ. ಆಗ ಕಣ್ಣಿನಲ್ಲಿ ಮೂರೋ ನಾಲ್ಕೋ ಚುಕ್ಕೆ ಮೂಡುತ್ತವೆ. ಅವುಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಒರೆಸಿದರೆ, ಕೃತಕ ಬೆಳಕಿನ ಚಿತ್ರ ಬಿಸಿಲಿನ ಚಿತ್ರವಾಗಿ ವೇಷ ಹಾಕುತ್ತದೆ. ಫ್ಲಾಶ್ ಬಳಸುವುದು ಅಪರಾಧವಲ್ಲ. ಬಳಸಿದ್ದನ್ನು ಅಡಗಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಚಿತ್ರವನ್ನು ಮುಟ್ಟಲೇಬಾರದೇ? ಮುಟ್ಟಬಹುದು. ನಮ್ಮ ಕಣ್ಣು ನೆರಳಲ್ಲಿ ಕಾಣುವಷ್ಟು ವಿವರ ಕ್ಯಾಮೆರಾದ ಚಿತ್ರದಲ್ಲಿ ಒಮ್ಮೆಗೇ ಕಾಣದೇ ಇರಬಹುದು; ಕಡತದಲ್ಲಿ ಮಂಕಾಗಿ ಉಳಿದ ಹೊಳಪನ್ನು ತುಸು ಎತ್ತುವುದು, ಡಾರ್ಕ್‌ರೂಮಿನ ಕಾಲದಿಂದ ಬಂದ ನ್ಯಾಯವಾದ ಕೆಲಸ. ಫಿಯಾಪ್‌ನಂಥ ಅಂತಾರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳ ನಿಸರ್ಗ ವಿಭಾಗದ ಸ್ಪರ್ಧಾನಿಯಮಗಳೂ ಇದೇ ಗೆರೆ ಎಳೆಯುತ್ತವೆ: ಇದ್ದದ್ದನ್ನು ಸ್ಪಷ್ಟಗೊಳಿಸಬಹುದು, ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ.

ಸ್ಪರ್ಧೆಗೆ ಕಳಿಸದವರಿಗೂ ಈ ಗೆರೆ ಬೇಕು. ಇಜೇರಿಯ ಹೊಲದ ಬದುವಿಗೆ ಪಕ್ಷಿತಜ್ಞರು ದಿನವೂ ಬರುವುದಿಲ್ಲ. ಅಲ್ಲಿನ ಹುಡುಗನೋ ಹುಡುಗಿಯೋ ತೆಗೆದ ಚಿತ್ರವೇ, ಇಂಥ ಹಕ್ಕಿ ಇಂಥ ತಿಂಗಳಲ್ಲಿ ಇಲ್ಲಿತ್ತು ಎನ್ನುವುದಕ್ಕೆ ನಾಳೆ ಆಧಾರವಾಗಬಹುದು. ಒಂದು ಚುಕ್ಕೆಯಲ್ಲಿ ನಂಬಿಕೆ ಕೆಟ್ಟರೆ ಇಡೀ ಚಿತ್ರವನ್ನು ಅನುಮಾನಿಸಬೇಕಾಗುತ್ತದೆ. ಆದ್ದರಿಂದ ಮಂಕು ಕಣ್ಣಿನ ನಿಜವಾದ ಚಿತ್ರವನ್ನು ಹಾಗೆಯೇ ಇಟ್ಟುಕೊಳ್ಳೋಣ. ಹೊಳೆಯುವ ಕಣ್ಣು ಬೇಕಿದ್ದರೆ ಮರುದಿನ ಬೇಗ ಏಳೋಣ.