ಗಾಳಕ್ಕೆ ಏನು ಸಿಗಿಸಲಿ?

ಕಾರಹುಣ್ಣಿವೆಗೆ ತಂಗಿಯ ಮಗ ಬೆಂಗಳೂರಿನಿಂದ ಹಂಸಭಾವಿಗೆ ಬಂದಿದ್ದ. ಬ್ಯಾಗಿನಿಂದ ಮೊದಲು ಹೊರಬಂದದ್ದು ಬಟ್ಟೆಯಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿ. ಅದರ ತುಂಬ ಬಣ್ಣಬಣ್ಣದ ಸುಳ್ಳು ಮೀನು, ಸುಳ್ಳು ಹುಳ, ಮತ್ತೊಂದು ರಬ್ಬರ್ ಕಪ್ಪೆ. ಹೊಟ್ಟೆ ಒತ್ತಿದರೆ ಬೆನ್ನ ಮೇಲಿಂದ ಎರಡು ಕೊಕ್ಕೆ ಎದ್ದು ನಿಲ್ಲುತ್ತವೆ.

“ಮಾಮಾ, ಇದಕ್ಕ ಮುರ್ಲ ಬೀಳತೈತೇನ್ರಿ?” ಅಂದ.

ನಕ್ಕುಬಿಟ್ಟೆ. ನಗಬಾರದಿತ್ತು. ನಲವತ್ತು ವರ್ಷದ ಮೇಲಾಯಿತು ಗಾಳ ಹಿಡಿದು, ನಾನೂ ಪ್ರತಿ ಸಲ ಕೆರೆಗೆ ಹೋಗುವಾಗ ಕೇಳಿಕೊಳ್ಳುವುದು ಅದೇ ಪ್ರಶ್ನೆ. ಇವತ್ತು ಏನು ಸಿಗಿಸಲಿ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಒಲೆ ಮೀನು ಕಂಡಿಲ್ಲ. ನಾನೂ ತಿನ್ನುವುದಿಲ್ಲ. “ತಿನ್ನೂದಿಲ್ಲ ಅಂದಮ್ಯಾಲ ಹಿಡಿಯೂದು ಯಾತಕ್ರಿ?” ಎಂದು ನಮ್ಮ ಮನೆಯವರು ಮದುವೆಯಾದಾಗಿಂದ ಕೇಳುತ್ತಿದ್ದಾರೆ. ಸರಿಯಾದ ಉತ್ತರ ಇನ್ನೂ ಕೊಟ್ಟಿಲ್ಲ. ಹಿಡಿದದ್ದೆಲ್ಲ ಆಗ ಅಂಬಿಗರ ಕಾಕಾನ ಮನೆಗೆ ಹೋಗುತ್ತಿತ್ತು. ಗಾಳ ಕಲಿಸಿದವನೂ ಅವನೇ.

ಕಾಕಾ ಕೊಟ್ಟ ಮೊದಲ ಪಾಠ ಮೀನಿನ ಬಾಯಿ ನೋಡುವುದು. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿರುತ್ತದೆ, ಅದು ಮೇಲಿನ ನೀರಿನಲ್ಲಿ ಮೇಯುವ ಮೀನು. ರೋಹು ನಡುನೀರಿನದು. ಮೃಗಾಲದ ಬಾಯಿ ಕೆಳಕ್ಕೆ, ಅದಕ್ಕೆ ತಳದ ಕೆಸರೇ ತಾಟು. “ಬಾಯಿ ಯಾ ಕಡೆ ಐತಿ ಆ ಕಡೆ ಊಟ ಬಡಸಬೇಕಪಾ” ಅನ್ನುತ್ತಿದ್ದ. ಎಷ್ಟೇ ರುಚಿಯ ಉಂಡೆ ಕಟ್ಟಿದರೂ ಕಾಟ್ಲಾ ಓಡಾಡುವ ಕಡೆ ತಳಕ್ಕೆ ಬಿಟ್ಟು ಕೂತರೆ ಸಂಜೆಯತನಕ ಬೆಂಡು ಅಲುಗುವುದಿಲ್ಲ.

ಬೆಂಡು ಅಂದರೆ ಒಣಗಿದ ಜೋಳದ ದಂಟಿನ ಒಳತಿರುಳು. ಕೋಲು ಬಿದಿರಿನದು. ಗೆಂಡೆಗೆ ಅವ್ವನ ಡಬ್ಬಿಯಿಂದ ಕದ್ದ ಗೋಧಿಹಿಟ್ಟು, ಶೇಂಗಾ ಹಿಂಡಿ, ಚೂರು ಬೆಲ್ಲ ಹಾಕಿ ನಾದುತ್ತಿದ್ದೆ. ಆದರೆ ಉಂಡೆ ನೀರೊಳಗೆ ಎರಡೇ ನಿಮಿಷಕ್ಕೆ ಕರಗಿ ಹೋಗುತ್ತಿತ್ತು. ಕಾಕಾ ಹೊಲದ ಬದುವಿನಿಂದ ಒಂದು ಹತ್ತಿಕಾಯಿ ಕಿತ್ತು, ಅರಳೆ ಬಿಡಿಸಿ, ಎಳೆಎಳೆಯಾಗಿ ಹಿಟ್ಟಿನೊಳಗೆ ಸೇರಿಸಿ ನಾದಿಕೊಟ್ಟ. ಅವತ್ತಿನಿಂದ ಉಂಡೆ ಕೊಕ್ಕೆ ಬಿಡಲಿಲ್ಲ. ಸಣ್ಣ ಮೀನಿಗೆ ತಿಪ್ಪೆಯ ಪಕ್ಕದ ಎರೆಹುಳು. ಬಾಳೆಮೀನಿಗೆ ರಾತ್ರಿ ಹೊತ್ತು ಜೀವಂತ ಸಣ್ಣ ಮೀನು. ಅದಕ್ಕಾಗಿ ರಟ್ಟೀಹಳ್ಳಿ ಕಡೆ ಕುಮುದ್ವತಿಯ ದಂಡೆಗೆ ಹೋಗಿ ಕೂತದ್ದುಂಟು. ಮಾಸೂರಿನ ಮದಗದ ಕೆರೆಗೂ ಹೋಗಿದ್ದೇವೆ. ಅಷ್ಟು ದೊಡ್ಡ ನೀರಿನ ಮುಂದೆ ನಮ್ಮ ಉಂಡೆ ಸಾಸಿವೆ ಕಾಳಿನಷ್ಟು ಅನಿಸಿ ನಾಚಿಕೆಯಾಗಿತ್ತು.

ದೊಡ್ಡ ಮೀನಿಗೂ ಮನೆಯ ಹಿಟ್ಟೇ ಆಗುತ್ತದೆ ಎಂದು ತಿಳಿದದ್ದು ಮುಂದೆ. ಕಾವೇರಿಯಲ್ಲಿ ಮಹಸೀರ್ ಹಿಡಿಯಲು ದೇಶವಿದೇಶದಿಂದ ಬರುತ್ತಿದ್ದವರು ಗಾಳಕ್ಕೆ ಹಚ್ಚುತ್ತಿದ್ದದ್ದು ರಾಗಿ ಮುದ್ದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು. ಅಂದರೆ 54 ಕಿಲೋ, ಒಂದು ಜೋಳದ ಚೀಲದ ಭಾರ! ಇವತ್ತು ಕಾವೇರಿಯ ಆ ಡುಬ್ಬದ ಮಹಸೀರ್ ಅಳಿವಿನ ಅಂಚಿಗೆ ಬಂದಿದೆ.

ಇದೆಲ್ಲ ಬ್ರಿಟಿಷರು ತಂದ ಶೋಕಿ ಅಂದುಕೊಂಡವರಿಗೆ ಇನ್ನೊಂದು ಸಂಗತಿ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಎಂಥ ತಿನಿಸು, ಗಾಳ ಹೇಗೆ ಹಾಕಬೇಕು ಎಂಬುದೆಲ್ಲ ಅದರಲ್ಲಿದೆ. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಆ ಭಾಗದ ಮೇಲೆ ಲೇಖನ ಬರೆದರು. ಅದರ ವಿಷಯ ಓದಿದ ದಿನ ನನಗೆ ಕಾಕಾ ನೆನಪಾದ. ಅವನು ಓದಿದವನಲ್ಲ, ಆದರೆ ಹಿಂದಿನ ಸಂಜೆಯೇ ನೆನೆಸಿದ ಹಿಂಡಿ ಎಸೆದು ಜಾಗ ಹದ ಮಾಡಿ ಬರುತ್ತಿದ್ದ. ಅರಸನೂ ಅಂಬಿಗನೂ ಒಂದೇ ಬುದ್ಧಿ ಓಡಿಸಿದ್ದರು.

ಈಗ ಮುರ್ಲದ ಮಾತು. ಬೇರೆ ಕಡೆ ಕೊರವ, ಕೊರಮೀನು ಅನ್ನುತ್ತಾರೆ. ಹಾವಿನಂಥ ತಲೆ, ಮೇಲೆ ಬಂದು ಗಾಳಿ ಕುಡಿಯುವ ಮೀನು. ಕೆರೆ ಬತ್ತಿದರೂ ಹಸಿ ಕೆಸರಿನಲ್ಲಿ ಅಡಗಿ ಜೀವ ಹಿಡಿದಿರುತ್ತದೆ. ಮೊದಲ ಮಳೆಗಳಿಗೆ ದಂಡೆಯ ಹುಲ್ಲಿನಲ್ಲಿ ಮರಿ ಮಾಡುತ್ತದೆ.

ನನಗಾಗ ಹದಿನಾಲ್ಕು ವರ್ಷ. ಊರ ಕೆರೆಯಲ್ಲಿ ಒಂದು ಮುಂಜಾನೆ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಕಂಡಿತು. ಬುಟ್ಟಿಯಷ್ಟಗಲ. ಮುಳುಗುತ್ತಿತ್ತು, ಏಳುತ್ತಿತ್ತು. ಅದರ ಕೆಳಗೆ ಮುರ್ಲ ಇರುತ್ತದೆ ಎಂದು ಕೇಳಿ ಗೊತ್ತಿತ್ತು. ಒಂದು ಸಣ್ಣ ಕಪ್ಪೆ ಹಿಡಿದು ಕೊಕ್ಕೆಗೆ ಸಿಗಿಸಿ ಸರಿಯಾಗಿ ಅದರ ಮೇಲೆ ಬಿಟ್ಟೆ. ಬಿಟ್ಟೆನೋ ಇಲ್ಲವೋ, ನೀರು ಒಡೆದು ಕೋಲು ಬಾಗಿತು. ಎರಡು ಕಿಲೋಕ್ಕೆ ಕಡಿಮೆ ಇರಲಿಲ್ಲ. ಊರ ನಡುವಿನ ಹಾದಿಯಲ್ಲೇ ಎತ್ತಿ ಹಿಡಿದುಕೊಂಡು ಕಾಕಾನ ಮನೆಗೆ ಹೋದೆ.

“ಎಲ್ಲಿ ಸಿಗ್ತೋ?” ಅಂದ. ಹೇಳಿದೆ. ಕಾಕು ಆಗಲೇ ಈಳಗಿ ತಂದಿದ್ದಳು. ಕಾಕಾ ಬಯ್ಯಲಿಲ್ಲ. ನನ್ನ ಕೈ ಹಿಡಿದು ಕೆರೆಗೆ ವಾಪಸು ಕರೆದುಕೊಂಡು ಹೋದ. ಆ ಕೆಂಪು ಚೆದುರಿತ್ತು. ನೀರುಕಾಗೆ ಎರಡು ಬಂದಿದ್ದವು. ಕೆಳಗಿನಿಂದ ಬೇರೆ ಮೀನುಗಳು ಟಪ್ ಟಪ್ ಎಂದು ಬಾಯಿ ಹಾಕುತ್ತಿದ್ದವು. ನಿಂತು ನೋಡಿದೆವು. ನೋಡನೋಡುತ್ತ ಕೆಂಪು ಕಡಿಮೆಯಾಗುತ್ತ ಬಂತು.

“ಅದು ಹಸದು ಬಾಯಿ ಹಾಕಿಲ್ಲಪಾ. ಮಕ್ಕಳ ಮ್ಯಾಲ ಬಂದದ್ದನ್ನ ಓಡಸಾಕ ಬಾಯಿ ಹಾಕೈತಿ” ಅಂದ. ಅಷ್ಟೇ. ಆಮೇಲೆ ಮೂರು ರವಿವಾರ ನನ್ನನ್ನು ಕರೆಯಲಿಲ್ಲ.

ಈಗ ಆ ಕೆರೆಯಲ್ಲಿ ಮುರ್ಲ ಕಾಣುವುದೇ ಅಪರೂಪ. ಸುತ್ತ ಹೊಲಗಳೆಲ್ಲ ಗೋವಿನಜೋಳವಾಗಿವೆ. ಹೊಡೆದ ಔಷಧಿಯೆಲ್ಲ ಮಳೆಗೆ ಎಲ್ಲಿ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಗಾಳಕ್ಕೆ ಬೀಳುವುದು ಬಹುಮಟ್ಟಿಗೆ ಜಿಲೇಬಿ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಆಫ್ರಿಕಾದ ಮೀನು ಅದು, ಎರೆಹುಳು, ಹಿಟ್ಟು, ಅನ್ನ ಯಾವುದಕ್ಕೂ ಒಲ್ಲೆ ಅನ್ನುವುದಿಲ್ಲ. ನನಗೆ ಅದರ ಮೇಲೆ ಸಿಟ್ಟು. ಆದರೆ ತಾಯಿ ಜಿಲೇಬಿ ತತ್ತಿಯನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ ಎಂದು ತಿಳಿದ ಮೇಲೆ ಸಿಟ್ಟು ಮೊದಲಿನಷ್ಟು ಉಳಿದಿಲ್ಲ.

ಕಾರಹುಣ್ಣಿವೆಯ ಮರುದಿನ, ಕೆರೆ ಟೆಂಡರ್ ಹಿಡಿದವರನ್ನು ಕೇಳಿ, ಅಳಿಯನೂ ನಾನೂ ಹೋಗಿ ಕೂತೆವು. ನಾನು ನನ್ನ ಹತ್ತಿ ಉಂಡೆ, ಅವನು ತನ್ನ ರಬ್ಬರ್ ಕಪ್ಪೆ. ನಾಲ್ಕು ಸಲ ಎಸೆದ. ಏನು ಹೇಳಲಿ, ನಿಜವಾದ ಕಪ್ಪೆಯಂತೆಯೇ ಕುಪ್ಪಳಿಸಿಕೊಂಡು ಬರುತ್ತಿತ್ತು. ನಕ್ಕದ್ದಕ್ಕೆ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡೆ.

ಆಗ ಅವನೇ ಮೊದಲು ಕಂಡ. “ಮಾಮಾ, ಅಲ್ನೋಡ್ರಿ, ಕೆಂಪಗ!”

ಎಷ್ಟು ವರ್ಷದ ಮೇಲೆ! ಹುಲ್ಲಿನ ಅಂಚಿನಲ್ಲಿ, ಅಂಗೈ ಎರಡು ಜೋಡಿಸಿದಷ್ಟಗಲ. ಅವನಾಗಲೇ ರಾಡು ಹಿಂದಕ್ಕೆತ್ತಿದ್ದ. ನಾನು ಅವನ ಮುಂಗೈ ಹಿಡಿದೆ.

“ಒಂದ ಸಲ ಮಾಮಾ. ಹಿಡದು, ಫೋಟೋ ತಗದು ಬಿಟ್ಟಬಿಡ್ತೀನ್ರಿ.”

“ನೀ ಫೋಟೋ ತಗಿಯೂದ್ರಾಗ ಅವನ್ನ ಕಾಯಾವ್ರು ಯಾರು?”

ಅವನಿಗೆ ಒಪ್ಪಿಗೆಯಾಗಲಿಲ್ಲ. ಮುಖ ಊದಿಸಿಕೊಂಡ. ಸ್ವಲ್ಪ ಹೊತ್ತು ಬಿಟ್ಟು, “ನೀವು ಎಂದೂ ಹಿಡದಽ ಇಲ್ಲೇನ್ರಿ ಹಂಗ?” ಅಂದ. ಹದಿನಾಲ್ಕರ ಆ ಮುಂಜಾನೆಯನ್ನು ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ. ಅವನಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ. ಕಪ್ಪೆ ಬಿಚ್ಚಿ ಡಬ್ಬಿಗೆ ಹಾಕಿ, ನನ್ನ ಹಿಟ್ಟಿಗೆ ಕೈ ಹಾಕಿದ. ಸಂಜೆಯತನಕ ನಾಲ್ಕು ಜಿಲೇಬಿ ಬಿದ್ದವು. ಅವು ಪಕ್ಕದ ಓಣಿಯ ಮನೆಗೆ ಹೋದವು.

ಅವನು ಹೋಗುವಾಗ ಆ ಕಪ್ಪೆಯನ್ನು ನನ್ನ ಕಿಟಕಿಯಲ್ಲೇ ಇಟ್ಟು ಹೋಗಿದ್ದಾನೆ. ಎರಡು ದಿನಕ್ಕೊಮ್ಮೆ ಫೋನ್ ಮಾಡಿ, “ಮರಿ ದೊಡ್ಡವಾದ್ವೇನ್ರಿ ಮಾಮಾ?” ಎನ್ನುತ್ತಾನೆ. ಅದಕ್ಕಾಗಿಯೇ ದಿನಾ ಸಂಜೆ ಕೆರೆಯ ಕಡೆ ಹೋಗುತ್ತಿದ್ದೇನೆ, ಕೋಲಿಲ್ಲದೆ. ಮರಿಗಳು ಬೆಳೆದಂತೆ ಆ ಕೆಂಪು ಹೋಗಿ ಕಂದು ತಿರುಗುತ್ತದೆ, ಆಮೇಲೆ ಗುಂಪು ಒಡೆಯುತ್ತವೆ. ನಿನ್ನೆ ಹೋದಾಗ ಹುಲ್ಲಿನ ಅಂಚಿನಲ್ಲಿ ಕೆಂಪು ಇರಲಿಲ್ಲ. ದಂಡೆಯ ಮೇಲೆ ಯಾರದೋ ಹೊಸ ಹೆಜ್ಜೆ ಇದ್ದವು. ಕತ್ತಲಾಗುವತನಕ ನಿಂತಿದ್ದೆ. ಒಂದು ಸಲ ಏನೋ ಮೇಲೆ ಬಂದು ಗಾಳಿ ಕುಡಿದು ಹೋದ ಹಾಗಾಯಿತು.

ಅವನಿಗೆ ಇನ್ನೂ ಫೋನ್ ಮಾಡಿಲ್ಲ.