ಸೆಂಚುರಿ ಕ್ಲಬ್ಬಿನಲ್ಲೊಂದು ಕೊಲೆ
ಚರಿತ್ರೆ, ಕೊಲೆ, ಜೊತೆಗೆ ಒಂದಿಷ್ಟು ಪ್ರೀತಿ, ಮೂರೂ ಒಂದೇ ಪುಸ್ತಕದಲ್ಲಿ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ಇಂಗ್ಲಿಷ್ ಕಾದಂಬರಿ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022). 1921ರ ಬೆಂಗಳೂರು. ಹೊಸದಾಗಿ ಸಂಸಾರ ಹೂಡಿದ ಕಾವೇರಿ, ಸೆಂಚುರಿ ಕ್ಲಬ್ಬಿನ ಔತಣದ ಗದ್ದಲ ತಪ್ಪಿಸಿಕೊಂಡು ತೋಟಕ್ಕೆ ಬಂದರೆ ಕತ್ತಲಲ್ಲಿ ಕರೆಯದೆ ಬಂದವನೊಬ್ಬ ಕಾಣುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಅಲ್ಲಿ ಹೆಣ ಬಿದ್ದಿರುತ್ತದೆ. ಗಣಿತವೆಂದರೆ ಪ್ರಾಣವೆನ್ನುವ ಈ ಹುಡುಗಿ ಲೆಕ್ಕ ಬಿಡಿಸಿದಂತೆಯೇ ಸುಳಿವುಗಳನ್ನು ಜೋಡಿಸುತ್ತಾಳೆ. ನನಗೆ ಪತ್ತೇದಾರಿಯಷ್ಟೇ ಹಿಡಿಸಿದ್ದು ಅವಳ ಗಂಡ, ಡಾಕ್ಟರ್ ರಾಮು. ಹೆಂಡತಿಯ ಬುದ್ಧಿಗೆ ಅಡ್ಡಬರದೆ ಜೊತೆಗೆ ನಡೆಯುವವನು. ಮದುವೆಯಾದ ಮೇಲೆ ಒಬ್ಬರನ್ನೊಬ್ಬರು ಅರಿಯುತ್ತ ಹೋಗುವ ಆ ಸಂಕೋಚ, ಸಲಿಗೆ ಓದಲು ಬಲು ಚೆಂದ. ಇನ್ನೂ ಗಾಢವಾದದ್ದು ಬೇಕಿದ್ದರೆ ಸುಜಾತಾ ಮ್ಯಾಸಿ ಅವರ ‘ದಿ ವಿಡೋಸ್ ಆಫ್ ಮಲಬಾರ್ ಹಿಲ್’ ಹಿಡಿಯಿರಿ. ಅದೇ ಕಾಲದ ಮುಂಬಯಿ. ಪರದೆಯ ಹಿಂದೆ ಬದುಕುವ ಮೂವರು ವಿಧವೆಯರ ಆಸ್ತಿ ಪತ್ರಗಳಲ್ಲಿ ಏನೋ ಎಡವಟ್ಟು. ಗಂಡಸರು ಒಳಗೆ ಕಾಲಿಡುವಂತಿಲ್ಲ. ಪಾರ್ಸಿ ವಕೀಲೆ ಪರ್ವೀನ್ ಹೋಗಬಲ್ಲಳು. ಪ್ರೀತಿಸಿ ಮದುವೆಯಾದ ಅವಳ ಬಾಳು ಮುರಿದುಬಿದ್ದ ಪುಟಗಳಂತೂ ಕೊಲೆಯ ಕತೆಯನ್ನೇ ಮರೆಸಿಬಿಡುತ್ತವೆ.