ಎಣಿಸಬೇಕಾದ್ದು ಮರಿಗಳನ್ನಲ್ಲ, ತಾಯಿ ಮೀನುಗಳನ್ನು

ನದಿಗೆ ಲಕ್ಷಗಟ್ಟಲೆ ಮೀನುಮರಿ ಬಿಟ್ಟ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಫೋಟೊದಲ್ಲಿ ಗಣ್ಯರು, ಬಕೆಟ್ಟು, ನೀರಿಗೆ ಜಾರುವ ಮರಿಗಳು. ಅವು ಎಷ್ಟು ತಾಯಂದಿರ ಮಕ್ಕಳು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ.

ಯುರೋಪಿನ ಹೊಳೆಗಳಲ್ಲಿ ಸಾಲ್ಮನ್, ಟ್ರೌಟ್ ಮೀನುಗಳು ಜಲ್ಲಿಯಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತವೆ. ಮರಿಗಳಲ್ಲಿ ಹೆಚ್ಚಿನವು ಮೊದಲ ಕೆಲವು ತಿಂಗಳು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಇರುತ್ತವೆ. ಹೀಗಾಗಿ ಒಂದೇ ತಿರುವಿನಲ್ಲಿ ಹಿಡಿದ ನೂರು ಮರಿಗಳು ನಾಲ್ಕಾರು ಕುಟುಂಬದ ಒಡಹುಟ್ಟುಗಳಾಗಿರಬಹುದು. ಅಷ್ಟನ್ನೇ ನೋಡಿ ಇಡೀ ಹೊಳೆಯ ವಂಶವೈವಿಧ್ಯ ಅಳೆದರೆ ಲೆಕ್ಕ ತಪ್ಪುತ್ತದೆ. ನೂರು ಮರಿ ಎಂದರೆ ನೂರು ವಂಶವಲ್ಲ.

ಹೊಳೆಯಲ್ಲಾದರೆ ಮರಿಗಳು ಬೆಳೆಯುತ್ತ ಚದುರುತ್ತವೆ, ಬೇರೆ ಕುಟುಂಬಗಳೊಡನೆ ಬೆರೆಯುತ್ತವೆ. ಮೀನುಮರಿ ಉತ್ಪಾದನಾ ಕೇಂದ್ರದ ಕತೆ ಬೇರೆ. ಅಲ್ಲಿ ಕೆಲವೇ ಹೆಣ್ಣುಗಳ ಮೊಟ್ಟೆಯಿಂದ ಸಾವಿರಾರು ಮರಿ ಪಡೆಯಬಹುದು. ಅವೆಲ್ಲವನ್ನೂ ಒಂದೇ ದಡದಲ್ಲಿ ಬಿಟ್ಟರೆ ಮುಂದೆ ಒಡಹುಟ್ಟುಗಳೇ ಜೋಡಿಯಾಗುವ ಅಪಾಯವಿದೆ. ಸಂಖ್ಯೆ ಹೆಚ್ಚುತ್ತದೆ, ವಂಶದ ಬಲ ಕುಗ್ಗುತ್ತದೆ.

ವಂಶ ವಿಚಾರಿಸದೆ ಮರಿ ಬಿಟ್ಟರೆ ಏನಾಗುತ್ತದೆಂದು ಕಾವೇರಿ ತೋರಿಸಿದೆ. ಗೂನುಬೆನ್ನಿನ ಮಹಶೀರ್ ಆ ಕಣಿವೆಯದೇ ಮೀನು. ನೀಲಿರೆಕ್ಕೆಯ ಮಹಶೀರ್ ಬೇರೆ ಪ್ರಭೇದ. 1839ರಲ್ಲಿ ಸೈಕ್ಸ್ ಅದನ್ನು ವಿವರಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. 1970ರ ದಶಕದಿಂದೀಚೆಗೆ ಲೋನಾವಳದಲ್ಲಿ ಬೆಳೆಸಿದ ಅದರ ಮರಿಗಳು ದೇಶದ ಹಲವು ನದಿಗಳಿಗೆ ಹೋದವು. ಕಾವೇರಿಯಲ್ಲೂ ಈ ಮೀನನ್ನು ಬಿಡಲಾಯಿತು, ಅದು ಅಲ್ಲಿ ಹೆಚ್ಚಿತು. ಮೂಲನಿವಾಸಿ ಮೀನು ಮಾತ್ರ 2018ರ ಹೊತ್ತಿಗೆ ಐಯುಸಿಎನ್ ಪಟ್ಟಿಯಲ್ಲಿ 'ತೀವ್ರ ಅಪಾಯದಂಚಿನ' ಸಾಲಿಗೆ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಗಳ ಪಾಲೂ ಇದರಲ್ಲಿದೆ. ಆದರೆ ಮಹಶೀರ್ ಹೆಚ್ಚುತ್ತಿದೆ ಎಂಬ ಸಂತೋಷದಲ್ಲಿ ಯಾವ ಮಹಶೀರ್ ಎಂದು ಕೇಳಲು ತಡವಾಯಿತು.

ಮರಿ ಬಿಡುವುದೇ ಬೇಡವೆಂದಲ್ಲ. ಅಳಿವಿನಂಚಿಗೆ ಬಂದ ಮೀನಿಗೆ ಅದು ಕೊನೆಯ ಆಸರೆಯೂ ಆಗಬಹುದು. ಆದರೆ ಬಿಡುವವರು ಮೂರು ಲೆಕ್ಕ ಕೊಡಲಿ: ತಾಯಿತಂದೆ ಯಾವ ನದಿಯವು, ಅವು ಎಷ್ಟು, ಮರಿಗಳನ್ನು ಎಷ್ಟು ಕಡೆ ಹಂಚಿ ಬಿಡಲಾಯಿತು. ಈ ಲೆಕ್ಕವಿಲ್ಲದ ಲಕ್ಷ ಮರಿಗಳಿಗಿಂತ, ಮೊಟ್ಟೆಯಿಡುವ ಜಲ್ಲಿಹಾಸನ್ನು ಮರಳು ಲಾರಿಗಳಿಂದ ಉಳಿಸುವುದೇ ನದಿಗೆ ದೊಡ್ಡ ಉಪಕಾರ.